ಯಾದಗಿರಿಯಾಗೂ ಒಮ್ಮೆ ತೋರಸ್ರಿ

ಸಂಘಮಿತ್ರಾ ಸ್ಕೂಟಿಯ ಹಿಂದಿನ ಸೀಟಿಗೆ ಕಟ್ಟಿದ್ದ ಹಳೇ ಸೀರೆಯ ಗಂಟು ಬಿಚ್ಚುತ್ತಿದ್ದುದನ್ನು ಕಾಂತೇಶ ಅಂಗಡಿಯೊಳಗಿಂದ ನೋಡುತ್ತ ನಿಂತಿದ್ದ. ಸೀರೆಯೊಳಗೆ ಕೂಸನ್ನು ಸುತ್ತಿದ ಹಾಗೆ ಸುತ್ತಿಟ್ಟಿದ್ದು ಅವಳ ಕಂಪ್ಯೂಟರಿನ ಕ್ಯಾಬಿನೆಟ್.

"ನೋಡಿದ್ದು ಸಾಕ್ರಿ, ಬಂದು ಎತ್ತಿಕೊಳ್ರಿ" ಎಂದಳು ತಲೆ ಎತ್ತದೆ.

ನೋಡುತ್ತಿದ್ದುದು ಅವಳಿಗೆ ಹೇಗೆ ಗೊತ್ತಾಯಿತೋ! ಕಾಂತೇಶನ ಕಿವಿ ಬಿಸಿಯಾದವು. ಓಡಿ ಹೋಗಿ ಎತ್ತಿಕೊಂಡ.

ಸುರಪುರದಲ್ಲಿ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವಳು ಸಂಘಮಿತ್ರಾ. ಶಹಾಪುರ ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಮಾಡುವವನು ಕಾಂತೇಶ. ಹಗಲು ಹತ್ತಿ ಮಿಲ್ಲಿನಲ್ಲಿ ದುಡಿದು, ಸಂಜೆ ಕ್ಲಾಸಿನಲ್ಲಿ ಈ ಕೆಲಸ ಕಲಿತವನು. ಬೋರ್ಡಿನ ಮೇಲೆ ತನ್ನದೇ ಹೆಸರಿದ್ದರೂ, ತನಗೆ ಇದು ಪೂರ್ತಿ ಬರುತ್ತದೆ ಎಂದು ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಸಂಘಮಿತ್ರಾ ಮಾತ್ರ ಒಮ್ಮೆ ಹೊಸ ಮೌಸಿಗೆ, ಒಮ್ಮೆ ಫ್ಯಾನಿನ ಧೂಳು ತೆಗೆಸಲು ಎಂದು ಅವನಲ್ಲಿಗೇ ಬರುತ್ತಿದ್ದಳು.

ಅವಳು ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು. ಗ್ರಾಫಿಕ್ಸ್ ಕಾರ್ಡ್. ಪರಿಚಯದ ಸ್ಟುಡಿಯೋದವರಿಂದ ಕೊಂಡದ್ದು.

"ಕಕ್ಕೇರಾ ಮದುವಿ ವಿಡಿಯೋ ಕೊಡೋದದ. ನನ್ನ ಕಂಪ್ಯೂಟರ್ ಎತ್ತಿನ ಬಂಡಿ ಆಗ್ಯದ. ಇವತ್ತ ಹಚ್ಚಿ ಕೊಡ್ರಿ."

ಕಾಂತೇಶ ಬದಿಯ ಮುಚ್ಚಳ ಬಿಚ್ಚಿದ. ಕಾರ್ಡಿನ ಉದ್ದ ಅಳೆದ, ಜಾಗ ಸಾಕಿತ್ತು. ಆಮೇಲೆ ಕರೆಂಟ್ ವೈರ್ ಬಂದು ಸೇರುವ ಪೆಟ್ಟಿಗೆಯತ್ತ, ಅಂದರೆ ಎಸ್‌ಎಂಪಿಎಸ್ ಕಡೆಗೆ, ಬಗ್ಗಿದ. ಬಗ್ಗಿದವನು ಎದ್ದು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದ.

"ಇದು ಆಗೂದಿಲ್ರಿ ಮೇಡಂ."

"ಯಾಕ್ರಿ? ನಾನೂರಾ ಐವತ್ತು ವ್ಯಾಟ್ ಅಂತ ಬರದದಲ್ಲ?"

"ದಪ್ಪ ಅಕ್ಷರದಾಗ ಬರದದ. ಕೆಳಗ ಸಣ್ಣ ಅಕ್ಷರ ನೋಡ್ರಿ. ಹನ್ನೆರಡು ವೋಲ್ಟಿನ ಲೈನಿಗೆ ಹದಿನಾರ ಆಂಪ್ಸ್. ಗುಣಿಸಿದ್ರ ಇನ್ನೂರೂ ಆಗವಲ್ದು. ಕೆಲಸಕ್ಕ ಬರೋದು ಅಷ್ಟ. ಈ ಕಾರ್ಡ್ ಒಂದ ನೂರಾ ಎಪ್ಪತ್ತು ತಿಂತದ. ಪ್ರೊಸೆಸರ್ ಏನ್ ಉಪಾಸ ಕೂಡತದೇನ್ರಿ?"

ಅವಳು ನಕ್ಕಳು. "ಪಿನ್ ಕೂಡ್ಲಿ ಅಂತ ಸ್ಟುಡಿಯೋದವ್ರು ಈ ಜೋಡಿಸೋ ವೈರ್ ಕೊಟ್ಟಾರ ನೋಡ್ರಿ."

"ಪಿನ್ ಕೂಡತದ್ರಿ. ಕರೆಂಟ್ ಎಲ್ಲಿಂದ ತರ್ಬೇಕು? ಎಡಿಟ್ ಮುಗಿಸಿ ಪೂರ್ತಿ ವಿಡಿಯೋ ತಯಾರಾಗಾಕ ರೆಂಡರ್ ಹಚ್ಚಿದಾಗ ಪಟ್ಟನ ಬಂದ್ ಆದ್ರ ನಮ್ಮ ನಸೀಬು ಚೊಲೋ ಅನ್ಬೇಕು. ಸುಟ್ರ ಬೋರ್ಡ್, ಹಾರ್ಡ್ ಡಿಸ್ಕ್ ಎಲ್ಲಾ ಕೂಡೇ ಹೋಗ್ತಾವ. ಬ್ಯಾರೆ ಎಸ್‌ಎಂಪಿಎಸ್ ಬೇಕು. ಕಲಬುರಗಿಯಿಂದ ತರಸ್ತೀನಿ."

"ಅಂದ್ರ ನಾ ಮತ್ತ ಬರ್ಬೇಕು."

ಹಾಗೆಂದು ಅವಳು ಓರೆಗಣ್ಣಲ್ಲಿ ನೋಡಿದಳು. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಹಾರಿ ಬಂದ ಕೂದಲೊಂದನ್ನು ಊದಿ ಹಿಂದಕ್ಕೆ ತಳ್ಳಿದಳು. ಅದು ಮತ್ತೆ ಅಲ್ಲಿಗೇ ಬಂದು ಕೂತಿತು.

ಕಾಂತೇಶನ ಎದೆಯೊಳಗೆ ಖುಷಿ ಉಕ್ಕಿತು. ಅದರ ಬೆನ್ನಿಗೇ ಹೆದರಿಕೆ. ಗಿರಾಕಿಗೆ ಖರ್ಚು ಬಂದಾಗ ತನಗೇಕೆ ಖುಷಿ? ಲೆಕ್ಕ ನಿಜವಾಗಿ ಹಾಗೇ ಬರುತ್ತದೆಯೋ, ಇವಳು ಮತ್ತೆ ಬರಲಿ ಎಂಬ ಆಸೆಗೆ ಹಾಗೆ ಕಾಣುತ್ತಿದೆಯೋ? ತನ್ನ ಕಣ್ಣನ್ನೇ ನಂಬದವನು ತನ್ನ ಮನಸ್ಸನ್ನು ಹೇಗೆ ನಂಬಿಯಾನು?

"ನನ್ನ ಮಾತೊಂದ ಹಿಡೀಬ್ಯಾಡ್ರಿ" ಎಂದುಬಿಟ್ಟ. "ಯಾದಗಿರಿಯಾಗೂ ಒಮ್ಮೆ ತೋರಸ್ರಿ. ಫಿರೋಜ್ ಭಾಯಿ ಅಂತ ಅದಾರ, ನನಗಿಂತ ತಿಳಿದವರು."

ತುಟಿಯ ತುದಿಯ ನಗು ಆರಿತು.

"ಇಷ್ಟು ದಿನ ನಿಮ್ಮ ಮಾತಿನ ಮ್ಯಾಲೇ ಬಂದೀನಿ. ಇವತ್ತ ಏನಾತು?"

ಕಾಂತೇಶ ಬಿಚ್ಚಿದ್ದ ಮುಚ್ಚಳವನ್ನು ಮತ್ತೆ ಕೂಡಿಸತೊಡಗಿದ.

"ಆಯ್ತು ಬಿಡ್ರಿ. ಬರಬ್ಯಾಡ ಅನ್ನೋದನ್ನ ಇಷ್ಟು ಸುತ್ತಿ ಹೇಳ್ಬೇಕಾಗಿರಲಿಲ್ಲ."

ಸೀರೆಯ ಗಂಟನ್ನು ಅವಳೇ ಬಿಗಿದಳು. ಸ್ಕೂಟಿ ಸುರಪುರದ ಕಡೆ ತಿರುಗದೆ ಯಾದಗಿರಿ ರಸ್ತೆ ಹಿಡಿಯಿತು.

ಆಮೇಲೆ ಕಾಂತೇಶನಿಗೆ ಅನ್ನ ಸೇರಲಿಲ್ಲ. ಫಿರೋಜ್ ಭಾಯಿ ಕೈ ಚುರುಕು. ಗಿರಾಕಿ ಅವಸರ ಮಾಡಿದಳೆಂದು ಆ ವೈರ್ ಸಿಕ್ಕಿಸಿ ಕೊಟ್ಟುಬಿಟ್ಟರೆ? ಕ್ಯಾಮೆರಾದ ಮೆಮೊರಿ ಕಾರ್ಡನ್ನು ಆಗಲೇ ಬೇರೆ ಮದುವೆಗೆ ಖಾಲಿ ಮಾಡಿದ್ದೇನೆಂದು ಅವಳೇ ಹಿಂದೆ ಹೇಳಿದ್ದಳು. ಕಕ್ಕೇರಾದ ಅಕ್ಷತೆಯ ವಿಡಿಯೋ ಇರುವುದು ಆ ಡಿಸ್ಕಿನಲ್ಲಿ ಮಾತ್ರ. ಗೊತ್ತಿದ್ದೂ ಗೊತ್ತಿದ್ದೂ ತಾನೇ ಅವಳನ್ನು ಸಾಗಹಾಕಿದ್ದ. 'ಹಚ್ಚಿದ್ರೇನ್ರಿ' ಎಂದು ಫಿರೋಜ್ ಭಾಯಿಗೆ ಫೋನ್ ಮಾಡಿ ಕೇಳುವುದು ಹಿರಿಯರ ಕೆಲಸವನ್ನು ಅನುಮಾನಿಸಿದ ಹಾಗೆ. ಅವಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದ. ಆಗಲೂ ಎತ್ತಲಿಲ್ಲ.

ಮರುದಿನ ಕಲಬುರಗಿ ಬಸ್ಸಿನಲ್ಲಿ ಹೊಸ ಎಸ್‌ಎಂಪಿಎಸ್ ಬಂತು. ಕಾಂತೇಶ ಅಂಗಡಿಯ ಶಟರ್ ಎಳೆದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುರಪುರದ ಬಸ್ಸಿನಲ್ಲಿ ಕೂತ. ಹಿಂದೊಮ್ಮೆ ಯುಪಿಎಸ್ ಬ್ಯಾಟರಿ ಕೊಡಲು ಹೋಗಿದ್ದರಿಂದ ಮನೆ ಗೊತ್ತಿತ್ತು.

ಓಣಿ ತಿರುಗುತ್ತಿದ್ದಂತೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಾಂತೇಶ ಹೊಸ್ತಿಲಿಗೆ ಓಡಿ, "ಸ್ವಿಚ್ ಬಂದ್ ಮಾಡ್ರಿ! ಮೊದಲ ಸ್ವಿಚ್ ಬಂದ್ ಮಾಡ್ರಿ!" ಎಂದು ಕೂಗಿದ.

ಅಡುಗೆಮನೆಯಿಂದ ಅವಳ ತಾಯಿ ಸಾವಿತ್ರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. "ಯಾವ ಸ್ವಿಚ್ಚಪಾ? ಮೆಣಸಿನಕಾಯಿ ಹುರಿಯಾಕತ್ತೀನಿ."

ಒಳಗಿನ ಕೋಣೆಯಲ್ಲಿ ಕ್ಯಾಬಿನೆಟ್ ನೆಟ್ಟಗಿತ್ತು. ಕಾರ್ಡ್ ಡಬ್ಬಿಯಲ್ಲೇ ಇತ್ತು. ಬಾಗಿಲಿಗೆ ಆನಿಕೊಂಡು ಸಂಘಮಿತ್ರಾ ನಗು ತಡೆದುಕೊಳ್ಳುತ್ತಿದ್ದಳು. ಕಾಂತೇಶ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಒಂದು ಚರಿಗೆ ನೀರು ಕುಡಿದ ಮೇಲೆ ಉಸಿರು ಬಂತು.

"ಫಿರೋಜ್ ಭಾಯಿ ಏನಂದ್ರು?"

"ಏನಂದ್ರು! 'ಕಾಂತೇಶ ಬ್ಯಾಡ ಅಂದ ಮ್ಯಾಲ ನನ್ನ ಕಡೆ ಯಾಕ ಬಂದ್ರಿ ಬೇಟಿ? ಅವ ಸ್ಕ್ರೂ ಬಿಗಿದು, ಸಡ್ಲ ಮಾಡಿ, ಮತ್ತ ಬಿಗಿಯೋ ಮನಷಾ' ಅಂದ್ರು."

"ಹಂಗಾರ ಲೆಕ್ಕ ಸರಿ ಇತ್ತು."

"ಲೆಕ್ಕ ಸರಿ ಇತ್ತು. ನೀವೇ ಸರಿ ಇಲ್ಲ. ಹಚ್ಚರಿ ಅದನ್ನ."

ಅವನು ಮೇಜಿನ ಕೆಳಗೆ ತೂರಿದ. ಹಳೇ ಪೆಟ್ಟಿಗೆ ತೆಗೆದು ಹೊಸದನ್ನು ಕೂಡಿಸಿದ. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರ್ ಇದರಲ್ಲೇ ಇತ್ತು. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಹಿಡಿದಳು. ಅವಳ ಬಳೆಯ ಸದ್ದು ಕಿವಿಯ ಹತ್ತಿರವೇ ಇತ್ತು.

ಮುಖ ಕಾಣದ ಜಾಗದಲ್ಲಿ ಮಾತು ಸಲೀಸಾಯಿತು.

"ನೀವು ಮತ್ತ ಬರ್ಬೇಕು ಅಂದಾಗ ನನಗ ಭಾಳ ಖುಷಿ ಆತ್ರಿ. ಆವಾಗ ಅನುಮಾನ ಬಂತು. ಮಷೀನಿನ ಸಲುವಾಗಿ ಬ್ಯಾಡ ಅನ್ನಾಕತ್ತೀನೋ, ನಿಮ್ಮನ್ನ ಕರಸಾಕ ಅನ್ನಾಕತ್ತೀನೋ... ಅದಕ್ಕ ಬ್ಯಾರೆಯವರು ನೋಡ್ಲಿ ಅಂತ ಕಳಿಸಿದೆ."

ಟಾರ್ಚಿನ ಬೆಳಕು ಸ್ಕ್ರೂ ಬಿಟ್ಟು ಅವನ ಮುಖದ ಮೇಲೆ ಬಂತು.

"ಬೆಳಕು ಇತ್ಲಾಗ ಹಿಡೀರಿ ಮೇಡಂ, ಸ್ಕ್ರೂ ಕಾಣವಲ್ದು."

"ಸ್ಕ್ರೂ ಆಮ್ಯಾಲ. ಮೊದಲ ಇದನ್ನ ಪೂರ್ತಿ ಹೇಳ್ರಿ."

"ನೀವು ಬರದ ವಾರ ಅಂಗಡಿಯಾಗ ಮನಸ್ಸ ನಿಲ್ಲಂಗಿಲ್ರಿ. ಅಷ್ಟ."

"ಅಷ್ಟ?"

"ಅಷ್ಟ ಅಲ್ಲ. ನೀವಂದ್ರ ನನಗ ಪ್ರೀತಿ."

ಬೆಳಕು ಅಲುಗಲಿಲ್ಲ. ಅವನಿಗೆ ಕಣ್ಣು ಬಿಡುವ ಧೈರ್ಯವಾಗಲಿಲ್ಲ.

"ನನ್ನ ಹಳೇ ಮೌಸ್ ಚೊಲೋನ ಇತ್ತು" ಎಂದಳು ಅವಳು ಮೆಲ್ಲಗೆ. "ಫ್ಯಾನಿನ್ಯಾಗ ಧೂಳೂ ಇರಲಿಲ್ಲ. ಎಲ್ಲಾ ನೆಪ. ನಿಮಗ ತಿಳಿಲಿಲ್ಲ."

ಕಾಂತೇಶ ಎದ್ದ ರಭಸಕ್ಕೆ ಮೇಜಿಗೆ ತಲೆ ಹೊಡೆದುಕೊಂಡ. ನೋವಾದದ್ದು ತಿಳಿಯಲೇ ಇಲ್ಲ.

ಸ್ವಿಚ್ ಹಾಕಿದರು. ಫ್ಯಾನು ತಿರುಗಿತು. ಅವಳು ರೆಂಡರ್ ಹಚ್ಚಿದಳು. ಕಾರ್ಡಿನ ಮೇಲೆ ಪೂರ್ತಿ ಭಾರ ಬಿದ್ದರೂ ಮಷೀನು ಒಮ್ಮೆಯೂ ತಡವರಿಸಲಿಲ್ಲ. ವಿಡಿಯೋ ಮುಗಿದು ತೆರೆಯ ಮೇಲೆ ಓಡತೊಡಗಿದಾಗ ಕಕ್ಕೇರಾದ ಮದುಮಗಳು ಎಲ್ಲೂ ನಿಲ್ಲದೆ, ಒಡೆಯದೆ, ಹಲ್ಲು ಕಾಣಿಸಿ ನಕ್ಕಳು. ಕಾಂತೇಶ ಎಷ್ಟೋ ಹೊತ್ತಿನಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ. ಅದನ್ನು ಕೇಳಿ ಸಂಘಮಿತ್ರಾ ಅವನ ಬೆರಳು ಹಿಡಿದುಕೊಂಡಳು.

ಸಾವಿತ್ರಿಬಾಯಿ ತಾಟು ತಂದಿಟ್ಟರು. ರೊಟ್ಟಿ, ಪುಂಡಿಪಲ್ಯ, ಹುರಿದ ಮೆಣಸಿನಕಾಯಿಯ ಖಾರ. ಮಗಳು ಬೆರಳು ಬಿಡಲಿಲ್ಲ, ತಾಯಿ ನೋಡಿದರು. ಕಾಂತೇಶ ಗಾಬರಿಯಿಂದ ಎದ್ದು ನಿಂತ.

"ಅವ್ವಾರ, ನಾ ಹೇಳಿದ್ದೊಂದ ನಂಬಬ್ಯಾಡ್ರಿ. ಶಹಾಪುರದಾಗ ನಾಕ ಮಂದಿನ್ನ ನನ್ನ ಬಗ್ಗೆ ವಿಚಾರಸ್ರಿ..."

"ಆಗಲೇ ವಿಚಾರಸೀನಿ, ಕುಂದ್ರಪಾ" ಎಂದರು ಸಾವಿತ್ರಿಬಾಯಿ ತಾಟು ಅವನ ಮುಂದೆ ಸರಿಸುತ್ತ. "ನಮ್ಮಕ್ಕ ದೇವಕಮ್ಮ ಅಲ್ಲೇ ಅದಾಳ. ನಿನ್ನ ಮಾತು-ನಡತಿ ನೋಡಿ ಬಾ ಅಂತ ಹೋದ ತಿಂಗಳ ಕಳಿಸಿದ್ದೆ. ಕೀಬೋರ್ಡ್ ತಗೊಂಡು ಬಂದಾಳ. ಆಕಿ ಮನ್ಯಾಗ ಕಂಪ್ಯೂಟರೇ ಇಲ್ಲ."

ಕಾಂತೇಶನಿಗೆ ನೆನಪಾಯಿತು. ಕನ್ನಡಕದ ಅಜ್ಜಿ. ವಾರಂಟಿ ಬಗ್ಗೆ ಹೇಳಿದ್ದನ್ನೇ ಹೇಳಿ ಕಳಿಸಿದ್ದ. ಈಗ ಅವನಿಗೆ ಚಿಂತೆ ಹತ್ತಿತು.

"ಕಂಪ್ಯೂಟರ್ ಇಲ್ಲ ಅಂದ್ರ ಆ ಕೀಬೋರ್ಡ್ ವಾಪಸ್ ತಗೋಬೇಕಾಗ್ತದಲ್ರಿ..."

ಸಂಘಮಿತ್ರಾ ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು.

"ಸುಮ್ನ ಉಣ್ಣು, ಕಾಂತೇಶ."