ಹದಿನಾರು ಒಲೆ

"ನಿಮ್ಮ ಹಟ್ಟೀಲಿ ಒಟ್ಟು ಎಷ್ಟು ಮನೆ ಅಜ್ಜಿ?" ಎಂದು ಚೈತ್ರಾ ಮೇಡಂ ಕೇಳಿದರು.

ಕಾಟಮ್ಮಜ್ಜಿ ಬೆರಳು ಮಡಚಲಿಲ್ಲ, ಮೇಲೆ ನೋಡಲಿಲ್ಲ. "ಹದಿನಾರು ಒಲೆ ಕಣವ್ವ," ಎಂದಳು.

ಮೇಡಂ ತೊಡೆಯ ಮೇಲಿದ್ದ ಟ್ಯಾಬ್‌ನಿಂದ ತಲೆ ಎತ್ತಿದರು. "ಒಲೆ ಅಲ್ಲ ಅಜ್ಜಿ. ಮನೆ."

"ಅದೇ ಕಣವ್ವ, ಒಲೆ."

ಅಜ್ಜಿಯ ಹಿಂದೆ ನಿಂತಿದ್ದ ಮೊಮ್ಮಗಳು ಪ್ರೀತಿಗೆ ಕಿವಿ ಬಿಸಿಯಾಯಿತು. ಮೇಡಂ ಚಿತ್ರದುರ್ಗದಿಂದ ಬಂದಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಹಟ್ಟಿಗಳ ವಿಚಾರ ಬರೆದುಕೊಳ್ಳುವುದು ಅವರ ಸಂಸ್ಥೆಯ ಕೆಲಸವಂತೆ. ಹಿರಿಯೂರಿನ ಕಡೆಯಿಂದ ಬರುವ ಟಾರು ರಸ್ತೆ ಮುಗಿದ ಮೇಲೆ ಒಂದು ಗಾಡಿಜಾಡು. ಅಡವಿಯ ಕಾರೆಮುಳ್ಳಿನ ನಡುವೆ ಮೂರು ಮೈಲಿ ನಡೆದರೆ ಕಾರೆಮೆಳೆ ಹಟ್ಟಿ. ಫೋನಿನ ಮ್ಯಾಪಿನಲ್ಲಿ ನೋಡಿದರೆ ಆ ಜಾಗದಲ್ಲಿ ಬರೀ ಹಸಿರು ಬಣ್ಣ. ಹೆಸರೇ ಇಲ್ಲ.

ಹೋದ ವಾರ ಸ್ಕೂಲಿನಲ್ಲಿ ಪ್ರದೀಪ್ ಸರ್ ಒಂದು ಪುಸ್ತಕ ತಂದು ಓದಿ ಹೇಳಿದ್ದರು. ಎಲ್ಲೋ ದೂರದ ಮಳೆಕಾಡಿನ ಒಳಗೆ ಒಂದು ಪುಟ್ಟ ಊರು. ಅಲ್ಲಿ ವರ್ಷದಲ್ಲಿ ಒಂಬತ್ತು ತಿಂಗಳು ಮಳೆ. ಮಧ್ಯಾಹ್ನವೂ ಸಂಜೆಯ ಹಾಗೆ ಕತ್ತಲು. ಬಟ್ಟೆಯನ್ನು ಬೆಂಕಿಯ ಮೇಲೆ ಹಿಡಿದೇ ಒಣಗಿಸಬೇಕು. ಯಾರಿಗೂ ಗೊತ್ತಿಲ್ಲದ ಆ ಊರಿನ ಮನೆ, ಮರ, ಹಕ್ಕಿ, ಎಲ್ಲವೂ ಪುಸ್ತಕದಲ್ಲಿ ಬಂದಿದ್ದವು. ಫೋಟೋ ಕೂಡ ಇತ್ತು.

"ನಿಮ್ಮ ಹಟ್ಟಿ ಬಗ್ಗೆ ಬರೆದರೆ ಏನು ಬರೀಬಹುದು ಪ್ರೀತಿ?" ಎಂದು ಸರ್ ಕೇಳಿದಾಗ ಹಿಂದಿನ ಬೆಂಚಿನಿಂದ ಯಾರೋ, "ಕುರಿ ಹಿಕ್ಕೆ ಸರ್," ಎಂದಿದ್ದರು. ಕ್ಲಾಸೆಲ್ಲ ನಕ್ಕಿತ್ತು. ಪ್ರೀತಿಯೂ ನಕ್ಕಿದ್ದಳು.

ಈಗ ನಿಜವಾಗಿಯೂ ಬರೆಯುವವರು ಬಂದು ಕೂತಿದ್ದಾರೆ. ಅಜ್ಜಿ ನೋಡಿದರೆ ಒಲೆ, ಒಲೆ ಎನ್ನುತ್ತಿದ್ದಾಳೆ.

"ಹದಿನಾಲ್ಕು ಮನೆ ಮೇಡಂ," ಎಂದಳು ಪ್ರೀತಿ. "ಅಜ್ಜಿಗೆ ಲೆಕ್ಕ ಬರಲ್ಲ."

"ಅಲ್ಲ ಮಗ, ಓಬಣ್ಣಂದು..."

"ನೀನು ಸುಮ್ನಿರಜ್ಜಿ. ನಿಂಗೆ ಗೊತ್ತಾಗಲ್ಲ."

ಮೇಡಂ ಹದಿನಾಲ್ಕು ಎಂದು ಒತ್ತಿಕೊಂಡರು. ಯಾವ ಕ್ಲಾಸು ಎಂದು ಕೇಳಿ, ಐದನೇದು ಎಂದಾಗ "ವೆರಿ ಗುಡ್" ಎಂದರು. ಆ ವೆರಿ ಗುಡ್ ಅನ್ನು ಪ್ರೀತಿ ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು.

ಒಂದು ತಿಂಗಳಾದ ಮೇಲೆ, ಭಾನುವಾರ ಬೆಳಿಗ್ಗೆ, ಗಾಡಿಜಾಡಿನಲ್ಲಿ ಧೂಳೆಬ್ಬಿಸಿಕೊಂಡು ಒಂದು ಟೆಂಪೊ ಬಂತು. ಅದರ ತುಂಬ ನೀಲಿ ಡ್ರಮ್ಮುಗಳು, ಮುಂದೆ ಡ್ರೈವರ್ ಪಕ್ಕದಲ್ಲಿ ಚೈತ್ರಾ ಮೇಡಂ. ಹಟ್ಟಿಗೆ ನೀರಿನ ಟ್ಯಾಂಕರು ಬರುವುದು ವಾರಕ್ಕೆ ಎರಡೇ ಸಲ. ಬಿಂದಿಗೆ, ಬಕೆಟು, ಪಾತ್ರೆ, ಇದ್ದುದಕ್ಕೆಲ್ಲ ಹಿಡಿದರೂ ಮೂರನೇ ದಿನಕ್ಕೆ ತಳ ಕಾಣುತ್ತಿತ್ತು. ಅದನ್ನು ನೋಡಿಯೇ ಮೇಡಂ ಮನೆಗೊಂದು ಡ್ರಮ್ಮು ಕೊಡಿಸಿದ್ದರು. ಮುಚ್ಚಳವಿತ್ತು, ಕೆಳಗೆ ನಲ್ಲಿಯೂ ಇತ್ತು.

ಹಟ್ಟಿಯ ಹಿರಿಯ ರಂಗಯ್ಯ ಒಂದೊಂದೇ ಹೆಸರು ಕೂಗಿದ. ಮಕ್ಕಳು ಡ್ರಮ್ಮುಗಳನ್ನು ಉರುಳಿಸಿಕೊಂಡು ಓಡಿದರು. ಪ್ರೀತಿಯ ಕ್ಲಾಸಿನ ಲತಾ ತಮ್ಮ ಮನೆಯ ಗೋಡೆಯ ಪಕ್ಕ ಬಂದ ಡ್ರಮ್ಮಿನ ಮೇಲೆ ಕುದುರೆ ಹತ್ತಿದ ಹಾಗೆ ಕೂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಟೆಂಪೊ ಖಾಲಿಯಾಯಿತು. ಲತಾಳ ಅಪ್ಪ ಓಬಣ್ಣ ಇನ್ನೂ ಕಾಯುತ್ತಾ ನಿಂತಿದ್ದ.

"ನಂದೆಲ್ಲಿ?" ಎಂದ.

"ನಿಮ್ಮನೇದು ಬಂತಲ್ಲಪ್ಪ. ನಿಮ್ಮಣ್ಣ ಇಸ್ಕಂಡ," ಎಂದ ರಂಗಯ್ಯ.

"ಅದು ಅವನ್ದು. ಸೂರು ಒಂದೇ ಆದ್ರೆ ಏನಾತು? ಅವನ ಒಲೆ ಬೇರೆ, ನನ್ನ ಒಲೆ ಬೇರೆ. ಎರಡು ವರ್ಷಾತು."

ಅಷ್ಟರಲ್ಲಿ ಲತಾಳ ದೊಡ್ಡಮ್ಮ ಬಂದು ಡ್ರಮ್ಮಿನ ಮೇಲೆ ಕೈಯಿಟ್ಟಳು. ಲತಾ ಇಳಿದಳು. ದೊಡ್ಡಮ್ಮ ಅದನ್ನು ಒಳಗೆ ತನ್ನ ಒಲೆಯ ಕಡೆಗೆ ಉರುಳಿಸಿಕೊಂಡು ಹೋದಳು.

ಕುರಿಗಳನ್ನು ಕೂಡುವ ರೊಪ್ಪದ ಹತ್ತಿರ ಇನ್ನೊಬ್ಬಳು ನಿಂತಿದ್ದಳು. ರೊಪ್ಪದ ಗೋಡೆಗೆ ತಗಡು ಇಳಿಬಿಟ್ಟು ಮಾಡಿದ ಗೂಡಿನಲ್ಲಿ ಒಬ್ಬಳೇ ಇರುವ ಮುದುಕಿ. ರೊಪ್ಪದಜ್ಜಿ ಎಂದು ಎಲ್ಲರೂ ಕರೆಯುವುದು. ಅವಳು ಖಾಲಿ ಟೆಂಪೊ ನೋಡಿದಳು. ಏನನ್ನೂ ಕೇಳದೆ ತಲೆ ಬಗ್ಗಿಸಿ ಒಳಗೆ ಹೋದಳು.

ಪ್ರೀತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವಳು ಎಣಿಸಿದ್ದು ಬಾಗಿಲು. ಬಾಗಿಲು ಹದಿನಾಲ್ಕೇ ಇದ್ದವು. ಅದರ ಮೇಲೆ ಓಬಣ್ಣನ ಒಲೆಯೊಂದು, ರೊಪ್ಪದಜ್ಜಿಯ ಒಲೆಯೊಂದು. ಈಗ ಹದಿನಾರಾಯಿತು.

"ಹದಿನಾಲ್ಕು ಅಂತ ಬರೆಸಿದ್ದು ಯಾರು?" ಎಂದು ರಂಗಯ್ಯ ಕೇಳಿದ.

ಮೇಡಂ ಟ್ಯಾಬ್ ನೋಡಿದರು, ಆಮೇಲೆ ಪ್ರೀತಿಯ ಕಡೆ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಕಾಟಮ್ಮಜ್ಜಿ ಹೇಳಿಬಿಟ್ಟಳು.

"ನಾನೇ ಕಣಪ್ಪ. ವಯಸ್ಸಾತು. ತಪ್ಪಿ ಹೇಳಿದೆ."

ದಿನಾ ಸಂಜೆ ಕುರಿಗಳು ರೊಪ್ಪದೊಳಗೆ ನುಗ್ಗುವಾಗ ಒಂದು ಕಡಿಮೆಯಿದ್ದರೂ ಕೂತಲ್ಲಿಂದಲೇ ಹೇಳುವವಳು ಅವಳು. ಯಾವ ಕುರಿ, ಯಾರ ಮನೆಯದು ಎಂದೂ ಹೇಳುವಳು. ಹಾಗಾಗಿ ಯಾರಿಗೂ ನಂಬಲಾಗಲಿಲ್ಲ.

"ಕಾಟಮ್ಮಜ್ಜಿ ಲೆಕ್ಕ ತಪ್ತಾ?" ಎಂದ ಓಬಣ್ಣನ ಅಣ್ಣ. "ಹಂಗಾರೆ ಇವತ್ತು ಕುರೀನೂ ಇನ್ನೊಂದ್ಸಲ ಎಣಿಸ್ಬೇಕು ಬಿಡ್ರಿ."

ಎಲ್ಲರೂ ನಕ್ಕರು. ಅಜ್ಜಿಯೂ ಅವರ ಜೊತೆ ನಕ್ಕಳು. ಆ ನಗುವನ್ನು ಪ್ರೀತಿಗೆ ನೋಡಲಾಗಲಿಲ್ಲ. ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ನಿಂತಳು.

ಡ್ರೈವರ್ ಟೆಂಪೊದ ಹಿಂದಿನ ಬಾಗಿಲು ಹಾಕಿದ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಟೆಂಪೊ ಹೊರಟುಹೋಗುತ್ತಿತ್ತು. ನಿಜ ಏನೆಂದು ಅಜ್ಜಿ ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ. ಅದು ಪ್ರೀತಿಗೆ ಚೆನ್ನಾಗಿ ಗೊತ್ತಿತ್ತು. ಅವಳು ತಲೆ ಎತ್ತಿದಳು.

"ಅಜ್ಜಿ ತಪ್ಪು ಹೇಳಿಲ್ಲ," ಎಂದಳು.

ಮಾತು ಹೊರಗೆ ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಮತ್ತೆ ಹೇಳಿದಳು. "ಅಜ್ಜಿ ಹದಿನಾರು ಅಂತ್ಲೇ ಹೇಳ್ತು. ನಾನೇ ಹದಿನಾಲ್ಕು ಅಂದೆ. ಅಜ್ಜೀಗೆ ಲೆಕ್ಕ ಬರಲ್ಲ ಅಂದೆ."

ಈಗ ಯಾರೂ ನಗಲಿಲ್ಲ. ಓಬಣ್ಣ ಅವಳನ್ನು ನೋಡಿ ಮುಖ ತಿರುಗಿಸಿದ. ಲತಾ ಕೂಡ ಅವಳ ಕಡೆ ನೋಡಲಿಲ್ಲ. ಹೋಗ್ಲಿ ಬಿಡು ಎಂದು ಒಬ್ಬರಾದರೂ ಹೇಳಬಾರದೇ ಎಂದುಕೊಂಡಳು ಪ್ರೀತಿ. ಯಾರೂ ಹೇಳಲಿಲ್ಲ.

"ಒಲೆ ಅಂದ್ರೆ ಏನು ಅಂತ ನಾನೂ ಕೇಳ್ಬೇಕಿತ್ತು," ಎಂದರು ಮೇಡಂ, ಸಣ್ಣ ದನಿಯಲ್ಲಿ. ಮತ್ತೆ ಟ್ಯಾಬ್ ತೆಗೆದರು. ಮುಂದಿನ ಭಾನುವಾರ ಇನ್ನೆರಡು ಡ್ರಮ್ಮು ತರುವುದಾಗಿಯೂ, ಈಗಲೇ ಹೆಸರು ಬೇಕೆಂದೂ ಹೇಳಿದರು. ಒಂದು ಓಬಣ್ಣ. ಇನ್ನೊಂದು?

"ರೊಪ್ಪದಜ್ಜಿ ಅಂತ ಬರ್ಕಳ್ರಿ. ಎಲ್ರೂ ಹಂಗೇ ಕರೆಯೋದು," ಎಂದ ರಂಗಯ್ಯ.

ಹಾಗೆ ಬರೆದರೆ ನಡೆಯುವುದಿಲ್ಲ, ಹೆಸರೇ ಬೇಕು ಎಂದರು ಮೇಡಂ. ರಂಗಯ್ಯ ತಲೆ ಕೆರೆದುಕೊಂಡ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಪ್ರೀತಿ ಅಜ್ಜಿಯ ಮುಖ ನೋಡಿದಳು. ಹಟ್ಟಿಯಲ್ಲಿ ಅಜ್ಜಿಗೆ ಗೊತ್ತಿಲ್ಲದ್ದು ಯಾವುದಿದೆ?

"ನನ್ನೇನು ನೋಡ್ತೀಯ?" ಎಂದಳು ಅಜ್ಜಿ. "ಹೋಗಿ ಕೇಳ್ಕಂಡು ಬಾ."

ದಿನಾ ಮರಿ ಕಟ್ಟಲು ರೊಪ್ಪಕ್ಕೆ ಹೋಗುತ್ತಿದ್ದರೂ ಪ್ರೀತಿ ಆ ತಗಡಿನ ಗೂಡಿನೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಬಗ್ಗಿ ಒಳಗೆ ಹೋದಳು. ಮೂರು ಕಲ್ಲಿನ ಮೇಲೆ ಒಂದು ಸಣ್ಣ ಮಡಕೆ ಕುದಿಯುತ್ತಿತ್ತು. ಮಡಕೆಯ ಮುಂದೆ ಮುದುಕಿ ಕೂತಿದ್ದಳು. ಪ್ರೀತಿಯೂ ಕೂತಳು. ತಾನು ಮಾಡಿದ್ದನ್ನೆಲ್ಲ ನೆಲ ನೋಡುತ್ತಲೇ ಹೇಳಿ ಮುಗಿಸಿದಳು.

"ಅಷ್ಟು ದೊಡ್ಡ ಡ್ರಮ್ಮು ಇಲ್ಲಿಟ್ರೆ ನಾನೆಲ್ಲಿ ಮಲಗ್ಲಿ?" ಎಂದಳು ಮುದುಕಿ.

ಪ್ರೀತಿಗೆ ನಗು ಬರಲಿಲ್ಲ. "ನಿನ್ನ ಹೆಸರೇನಜ್ಜಿ?" ಎಂದು ಕೇಳಿದಳು.

"ಯಾರಿಗೆ ಬೇಕಂತವ್ವ?"

ಮೇಡಂಗೆ ಎನ್ನಲು ಹೊರಟವಳು ನಿಲ್ಲಿಸಿದಳು. "ನಂಗೆ," ಎಂದಳು.

ಮುದುಕಿ ಸೌದೆಯನ್ನು ಒಳಕ್ಕೆ ತಳ್ಳಿದಳು. ಎಲ್ಲೋ ಒಳಗೆ ಇಟ್ಟು ಮರೆತದ್ದನ್ನು ಹುಡುಕುವವಳ ಹಾಗೆ ಬೆಂಕಿಯನ್ನೇ ನೋಡಿದಳು.

"ಯಮುನಾ," ಎಂದಳು.

ಹೊರಗೆ ಟೆಂಪೊ ಹಾರನ್ ಹೊಡೆಯಿತು. ಪ್ರೀತಿಗೆ ಸರಿಯಾಗಿಯೇ ಕೇಳಿಸಿತ್ತು. ಆದರೂ ಅವಳು ಏಳಲಿಲ್ಲ.

"ಇನ್ನೊಂದ್ಸಲ ಹೇಳಜ್ಜಿ," ಎಂದಳು.