ಚೌಕಟ್ಟಿನ ಕೆಳಗಿನ ಕೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಕ್ಕ ಇದ್ದಾಗ ನಾವಿಬ್ಬರೂ ಒಂದೇ ದೊಡ್ಡ ಚೌಕಟ್ಟಿನಲ್ಲಿ ಕ್ರಾಸ್ ಸ್ಟಿಚ್ ಹಾಕುತ್ತಿದ್ದೆವು. ಬಿಗಿದ ಬಟ್ಟೆಯ ಮೇಲಿಂದ ನಾನು ಸೂಜಿ ಚುಚ್ಚಿದರೆ, ಅವಳು ಕೆಳಗಿನಿಂದ ಹಿಂದಿರುಗಿಸುತ್ತಿದ್ದಳು. ನಾನೇನಾದರೂ ಕೆಳಗೆ ಕೈ ಚಾಚಿದರೆ, “ಅಡ್ಡ ಬರ್ಬೇಡ ಕಣೇ, ಕೆಳಗಿಂದು ನಂಗೆ ಬಿಡು” ಎಂದು ಸರಿಸುತ್ತಿದ್ದಳು.

ಅವಳು ತೀರಿಕೊಂಡ ಮೇಲೆ, ಅರ್ಧಕ್ಕೆ ನಿಂತಿದ್ದ ಹೂತೋಟದ ಕಸೂತಿಯನ್ನು ಮುಗಿಸಲು ಒಬ್ಬಳೇ ಕೂತೆ. ಎಡಗೈ ಮುರಿದು ಪ್ಲಾಸ್ಟರಿನಲ್ಲಿತ್ತು. ಮಟಮಟ ಮಧ್ಯಾಹ್ನ. ಅಭ್ಯಾಸಬಲದಿಂದ ಸೂಜಿಯನ್ನು ಪೂರ್ತಿ ಕೆಳಕ್ಕೆ ಬಿಟ್ಟೆ. ಅದು ಪಕ್ಕದ ತೂತಿನಿಂದ ಮೇಲೆ ಬಂತು. ಮುಟ್ಟಿದರೆ ಬೆಚ್ಚಗಿತ್ತು. ಮತ್ತೆ ಬಿಟ್ಟೆ, ಮತ್ತೆ ಬಂತು.

“ಅಕ್ಕಾ, ಕೈ ನೋಯ್ತಿದ್ಯಾ?” ಎಂದೆ.

ಈ ಸಲ ಸೂಜಿ ತುಸು ತಡವಾಗಿ ಬಂತು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ಎಡಗೈಯನ್ನು ಬಟ್ಟೆಯಡಿಗೆ ಒಯ್ದೆ. ಏನೋ ಬೆಚ್ಚಗಿನದು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು.