ಅಕ್ಕನ ಕೊಬ್ಬು

ಸೋಮವಾರ ಬೆಳಿಗ್ಗೆ 9.20. ಮರಾಠಿ ನಾಡಿನ ಹಡಪಸರದ ಠಾಣೆಗೆ ಮಾರ್ತಾಂಡ ದೇಸಾಯಿ ದೂರು ತಂದರು. ಹಿಂದಿನ ದಿನ ತಾವು ಜೇಜುರಿ ಯಾತ್ರೆಯಿಂದ ಮರಳುವಷ್ಟರಲ್ಲಿ ಕಿರಿಯ ಮಗಳು ಪೂರ್ವಾ ಆಸ್ಪತ್ರೆ ಸೇರಿದ್ದಳು. ಗುಳಿಬಿದ್ದ ಗಲ್ಲಕ್ಕೆ ಕೊಬ್ಬು ತುಂಬಲು ಹೋಗಿ ಬಲಗಣ್ಣು ಹೋಗಿದೆ. ಮಾಡಿದವನು ಅವಳು ತೋರಿಸಿಕೊಂಡಿದ್ದ ಕ್ಲಿನಿಕ್‌ನ ಡಾಕ್ಟರ್ ನಿತಿನನೇ ಇರಬೇಕು. ಮುಂದಿನ ವಾರ ಅವಳ ನಿಶ್ಚಿತಾರ್ಥ.

“ಗಲ್ಲಕ್ಕ ಯಾಕ್ರೀ?” ಧಾರವಾಡ ಕಡೆಯವರೇ ಆದ ಇನ್‌ಸ್ಪೆಕ್ಟರ್ ಮನೋಜ ಕೇಳಿದರು.

“ಹುಡುಗನ ತಾಯಿ ಅಂದ್ರು: ಕುಂಡಲಿ ಕೂಡೇದ, ಗಲ್ಲ ಕೂಡಿಲ್ಲ.” ಬೀಗತಿಯ ಮೂಗುದನಿಯಲ್ಲೇ ಹೇಳಿದರು ಮಾರ್ತಾಂಡ. ಯಾರೂ ನಗಲಿಲ್ಲ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕ್ಲಿನಿಕ್‌ನಲ್ಲಿ ಪಂಚನಾಮೆ. ಬೆಳಗಾವಿ ಮೂಲದ ನಿತಿನ ಗಾಬರಿಯಾಗಲಿಲ್ಲ.

“ಆಕೀನ್ನ ನಾ ವಾಪಸ್ ಕಳಿಸೀನ್ರಿ. ಕಡ್ಡಿಯಂಥಾ ಹುಡುಗಿ. ಗಲ್ಲಕ್ಕ ಹಾಕೋ ಕೊಬ್ಬು ಆಕೀ ಮೈಯಿಂದನ ತಗೀಬೇಕು. ಎಲ್ಲಿಂದ ತಗೀಲಿ?”

“ಬ್ಯಾರೇದವರದು ಹಾಕಿದ್ರ?”

“ಮೈ ಒಪ್ಪೂದಿಲ್ಲ, ಕೊಳೀತದ. ಮುಖದಾಗ ಸೂಜಿ ರಕ್ತನಾಳಕ್ಕ ಹೊಕ್ಕರಂತೂ ಕಣ್ಣ ಹೋಗ್ತದ. ಅಕ್ಕ-ತಂಗಿ ಇಬ್ಬರನ್ನೂ ಕೂಡಿಸಿ ಹೇಳೀನಿ.”

“ಅಕ್ಕ ಯಾರು?”

“ಸುಲಭಾ. ನಮ್ಮ ನರ್ಸ್.”

ಅಷ್ಟರಲ್ಲಿ ಆಸ್ಪತ್ರೆಯಿಂದ ಕಾನ್ಸ್‌ಟೇಬಲ್ ಶಿವಪ್ಪನ ಫೋನ್. “ಸಾಹೇಬ್ರ, ಲೇಡಿ ಡಾಕ್ಟರ್ ಹುಡುಗಿ ಹೊಟ್ಟಿ, ತೊಡಿ ಎಲ್ಲಾ ನೋಡ್ಯಾರ. ಒಂದ ತೂತಿಲ್ಲ. ತಗದಿಲ್ಲ, ಬರೇ ಹಾಕ್ಯಾರ. ಪಾಪ, ಮಾತ ಆಡವಲ್ಲಳು. ಅಕ್ಕ ಬಾಗಿಲದಾಗ ನಿಂತಾಳ. ಕುರ್ಚಿ ಕೊಟ್ರೂ ಕುಂಡ್ರವಲ್ಲಳು.”

ಮನೋಜ ನಿತಿನನತ್ತ ತಿರುಗಿದರು. “ಸುಲಭಾಗ ಏನಾಗೇದ?”

“ಶುಕ್ರವಾರ ಆಕೀ ಹೊಟ್ಟಿ, ತೊಡಿ ಕೊಬ್ಬು ನಾನ ತಗದೀನ್ರಿ.”

“ತಗದದ್ದು ಎಲ್ಲದ?”

“ಅದನ್ನ ಕಸಕ್ಕ ಹಾಕೂ ಕೆಲಸಾ… ಆಕೀದನ.” ಈಗ ಡಾಕ್ಟರ್ ಬೆವರಿದ.

ಸಂಜೆ ಠಾಣೆಯಲ್ಲಿ ಸುಲಭಾ ಗೋಡೆಗೊರಗಿ ನಿಂತೇ ಉತ್ತರಿಸಿದಳು.

“ತಂಗಿ ಹ್ಯಾಂಗ ಒಪ್ಪಿದ್ಲು?”

“ಒಂದ ಹೊಟ್ಟ್ಯಾಗ ಹುಟ್ಟೇವಿ, ನಂದು ನಿನಗ ಹೊಂದತದ, ಡಾಕ್ಟರ್ ಸುಮ್ನ ಹೆದರಸ್ತಾರ ಅಂದೆ. ಅಡಿಗಿಮನ್ಯಾಗ ಕೂಡಿಸಿ ಚುಚ್ಚಿದೆ.”

“ಕಣ್ಣ ಹೋಗ್ತದಂತ ಗೊತ್ತಿರಲಿಲ್ಲ?”

“ಗೊತ್ತಿತ್ರಿ. ಬಲಗಲ್ಲಕ್ಕ ಹಾಕಿದಾಗ ‘ಅಕ್ಕಾ, ಈ ಕಡೆ ಕತ್ತಲಾತು’ ಅಂದ್ಲು. ‘ತಡಿ, ಸಮಾ ಮಾಡ್ತೀನಿ’ ಅಂತ ಎಡಕ್ಕೂ ಹಾಕಿದೆ.”

ಶಿವಪ್ಪ ಬರೆಯುವುದನ್ನು ನಿಲ್ಲಿಸಿದ. ಮನೋಜ ಬರೆಯೆಂದು ಸನ್ನೆ ಮಾಡಿದರು. 5.40ಕ್ಕೆ ಬಂಧನ.

ಸುಲಭಾಳನ್ನು ನೋಡಲು ಬಂದ ವರಗಳೆಲ್ಲ ಅವಳ ಕೈಯ ಉಪ್ಪಿಟ್ಟು ತಿಂದು ಪೂರ್ವಾಳನ್ನು ಕೇಳಿದ್ದರು. ಕೊಬ್ಬು ತೆಗೆಯಲೆಂದು ಇಬ್ಬರನ್ನೂ ನೋಡಿ ‘ದೊಡ್ಡಾಕಿ ಅಡ್ಡಿಯಿಲ್ಲ, ಸಣ್ಣಾಕಿ ಬ್ಯಾಡ’ ಅಂದವನು ಆ ಡಾಕ್ಟರ್ ಒಬ್ಬನೇ. ಅಂದು ಮನೆಗೆ ಮರಳುವಾಗ ಆಟೋದಲ್ಲಿ ಪೂರ್ವಾ ಡಾಕ್ಟರನ ದನಿ ಅಣಕಿಸಿದ್ದಳು: “ದೊಡ್ಡಾಕಿ ಕಡೆ ಭರ್ಜರಿ ಸ್ಟಾಕ್ ಅದ!” ಅಂದದ್ದು ಮರಾಠಿಯಲ್ಲಿ, ಆಟೋದವನಿಗೂ ತಿಳಿಯಲೆಂದು. ಅವನು ಕನ್ನಡಿಯಲ್ಲಿ ನೋಡಿ ನಕ್ಕಿದ್ದ.

ಕನ್ನಡದಾಗ ಅಂದಿದ್ರ ತಡಕೋತಿದ್ದೆ ಎಂದು ಸುಲಭಾ ಹೇಳಿಕೆಯ ಕೊನೆಗೆ ಬರೆಸಿದಳು.